ಬೇಡ ಖಾತೆ: ಒಬ್ಬ ಚಿತ್ರಗಾರ್ತಿಯ ಮೂರು ವರ್ಷದ ಲೆಕ್ಕ

ನಾನು ಲೆಕ್ಕ ಬರೆಯುವವನು. ಬಸವನಗುಡಿಯಲ್ಲಿ ಮೊದಲ ಮಹಡಿಯ ಒಂದು ಸಣ್ಣ ಕಚೇರಿ. ನನ್ನ ಹತ್ತಿರ ತೆರಿಗೆ ರಿಟರ್ನ್ಸ್ ಹಾಕಿಸುವವರಲ್ಲಿ ಅರ್ಧ ಜನ ಚಿತ್ರ ಬರೆಯುವವರು, ವಿಡಿಯೋ ಎಡಿಟ್ ಮಾಡುವವರು, ನಾಟಕಕ್ಕೆ ಬೆಳಕು ಮಾಡುವವರು. ಅವರು ಕಲೆಯ ಮಾತಾಡುತ್ತಾರೆ, ನಾನು ಬ್ಯಾಂಕ್ ಸ್ಟೇಟ್‌ಮೆಂಟ್ ನೋಡುತ್ತೇನೆ. ಮನಸ್ಸಿಗೆ ಒಪ್ಪುವ ಕೆಲಸವನ್ನೇ ಮಾಡಿಕೊಂಡು ಬದುಕಬೇಕು ಅಂತ ಕೆಲಸ ಬಿಟ್ಟು ಬಂದವರು ಈ ಹನ್ನೆರಡು ವರ್ಷದಲ್ಲಿ ಹತ್ತಾರು ಮಂದಿ. ಅವರಲ್ಲಿ ಒಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಚೈತ್ರಾ ಅಂತ ಇಟ್ಟುಕೊಳ್ಳೋಣ. ಊರು, ಬಡಾವಣೆ, ಒಂದೆರಡು ಮೊತ್ತ ಬದಲಾಗಿವೆ. ಗುರುತು ಸಿಗುವಂಥ ಇನ್ನೊಂದು ವಿವರವೂ ಬದಲಾಗಿದೆ, ಅದನ್ನು ಕೊನೆಗೆ ಹೇಳುತ್ತೇನೆ.

ಗಿಳಿ

ಚೈತ್ರಾಗೆ ಆಗ 31. ತೆಂಗಿನ ತೋಟದ ಊರಿನವರು. ಬೆಂಗಳೂರಿನಲ್ಲೇ ಚಿತ್ರಕಲೆ ಓದಿದರು. ತಂದೆ ಇಲ್ಲ. ಹನುಮಂತನಗರದ ಬಾಡಿಗೆ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಹೊರವರ್ತುಲ ರಸ್ತೆಯ ಒಂದು ಕಂಪನಿಯಲ್ಲಿ ಕೆಲಸ. ಕಂಪನಿಯದು ದುಡ್ಡು ಕಟ್ಟಿ ಆಡುವ ಇಸ್ಪೀಟಿನ ಆ್ಯಪ್. ಕೈಗೆ ತಿಂಗಳಿಗೆ 1,08,000 ರೂಪಾಯಿ.

ಅವರ ಕೆಲಸ ಏನು ಅಂದರೆ, ಆಟದೊಳಗಿನ ಪುಟ್ಟ ಪುಟ್ಟ ಚಲಿಸುವ ಚಿತ್ರಗಳು. ಗೆದ್ದರೆ ನಾಣ್ಯ ಸುರಿಯುವುದು, ಎಲೆ ತಿರುಗುವುದು, ಇಂಥವು. ಅವುಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಸಮಯ ತಿಂದದ್ದು ಸೋತಾಗ ಬರುವ ಚಿತ್ರ. ಒಂದು ಗಿಳಿ ಬಂದು ತಲೆ ಕೆರೆದುಕೊಂಡು ಕಣ್ಣು ಹೊಡೆಯುತ್ತದೆ, ‘ಅಯ್ಯೋ, ಸ್ವಲ್ಪದರಲ್ಲಿ ಹೋಯ್ತು’ ಎನ್ನುವ ಹಾಗೆ. ಇದ್ದದ್ದು ಒಂದೂವರೆ ಸೆಕೆಂಡ್, ಬರೆಯಲು ಹಿಡಿದದ್ದು ಮೂರು ವಾರ. ಸೋತೆ ಅನ್ನಿಸಬಾರದು, ಗೆಲುವಿನ ಹತ್ತಿರ ಬಂದಿದ್ದೆ ಅನ್ನಿಸಬೇಕು. ಜೂಜಿನ ಯಂತ್ರಗಳನ್ನು ಕಟ್ಟುವವರಿಗೆ ಇದು ಹಳೆಯ ಗುಟ್ಟು. ಸ್ವಲ್ಪದರಲ್ಲಿ ತಪ್ಪಿತು ಅನ್ನಿಸಿದವನು ಎದ್ದು ಹೋಗುವುದಿಲ್ಲ.

2021ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇಂಥ ಆಟಗಳನ್ನು ನಿಷೇಧಿಸಿತು. ಕಂಪನಿ ಕರ್ನಾಟಕದವರಿಗೆ ಆಟ ಬಂದ್ ಮಾಡಿತು. ಕೆಲಸ ಮಾತ್ರ ನಡೆದೇ ಇತ್ತು. ‘ಬೆಂಗಳೂರಲ್ಲಿ ಕೂತು ಬೇರೆ ರಾಜ್ಯದವರಿಗೆ ಗಿಳಿ ಬರೀತಿದ್ದೆ ಸರ್’ ಎಂದು ಚೈತ್ರಾ ಒಮ್ಮೆ ನಗುತ್ತಾ ಹೇಳಿದ್ದರು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದು ಮಾಡಿತು. ಆಟ ಇಲ್ಲೂ ಮತ್ತೆ ಶುರುವಾಯಿತು.

ಮೇ ತಿಂಗಳಲ್ಲಿ ಊರಿನಿಂದ ಚಿಕ್ಕಪ್ಪನ ಮಗ ಬಂದ. ಹೆಂಡತಿಯ ಒಡವೆ ಅಡ ಇಟ್ಟು ಆಡಿ ಎರಡೂವರೆ ಲಕ್ಷ ಕಳೆದುಕೊಂಡಿದ್ದ. ರಾತ್ರಿ ಊಟ ಆದ ಮೇಲೆ ಅವನೇ ಬಾಯಿ ಬಿಟ್ಟ. ‘ಸೋತಾಗ ಒಂದು ಗಿಳಿ ಬಂದು ತಲೆ ಕೆರ್ಕೊಳತ್ತಲ್ಲ ಅಕ್ಕಾ, ಅದನ್ನ ನೋಡಿದ್ರೆ ನಗು ಬರ್ತಿತ್ತು. ಸಿಟ್ಟೇ ಬರ್ತಿರ್ಲಿಲ್ಲ. ಇನ್ನೊಂದೇ ಒಂದು ಆಟ ಅಂತ ಹಾಕ್ಬಿಡ್ತಿದ್ದೆ.’

ಚೈತ್ರಾ ಆ ರಾತ್ರಿ ಏನೂ ಹೇಳಲಿಲ್ಲ. ಜೂನ್ ಕೊನೆಗೆ ಕೆಲಸ ಬಿಟ್ಟರು.

ಮೊದಲ ಎಂಟು ತಿಂಗಳು

ನನ್ನ ಹತ್ತಿರ ಬಂದದ್ದು 2022ರ ಜುಲೈನಲ್ಲಿ, ರಿಟರ್ನ್ಸ್ ಹಾಕಲು. ಆ ಹೊತ್ತಿಗೆ ಎರಡು ದೊಡ್ಡ ಖರ್ಚು ಆಗಿಹೋಗಿದ್ದವು. ಉಳಿತಾಯ ಇದ್ದದ್ದು 4,60,000. ಜಯನಗರದಲ್ಲಿ ಕೆಲಸಕ್ಕೆ ಅಂತ ಒಂದು ಕೋಣೆ ಹಿಡಿದಿದ್ದರು, ಬಾಡಿಗೆ 12,000. ಬೆಂಗಳೂರಿನ ಪದ್ಧತಿ ಗೊತ್ತಲ್ಲ, ಹತ್ತು ತಿಂಗಳ ಅಡ್ವಾನ್ಸ್. ಅಲ್ಲಿಗೆ 1,20,000 ಹೋಯಿತು. ಹೊಸ ಟ್ಯಾಬ್ಲೆಟ್, ಮೇಜು, ಕುರ್ಚಿಗೆ 90,000. ಉಳಿದದ್ದು ಎರಡೂವರೆ ಲಕ್ಷ. ಮನೆಯ ಖರ್ಚು 46,000, ಕೋಣೆ ಸೇರಿ ತಿಂಗಳಿಗೆ 58,000.

ಕೋಣೆ ಯಾಕೆ ಬೇಕಿತ್ತು ಎಂದು ಕೇಳಿದೆ. ‘ಮನೇಲಿದ್ರೆ ಎದುರು ಮನೆಯವರು ಕೆಲಸ ಹೋಯ್ತಾ ಅಂತ ಕೇಳ್ತಾರೆ’ ಎಂದರು. ಈ ಉತ್ತರವನ್ನು ನಾನು ಬೇರೆ ಬೇರೆಯವರ ಬಾಯಲ್ಲಿ ಕೇಳಿದ್ದೇನೆ. ಕೆಲಸ ಬಿಟ್ಟವರ ಮೊದಲ ದೊಡ್ಡ ಖರ್ಚು ಅನೇಕ ಸಲ ಅಕ್ಕಪಕ್ಕದವರ ಬಾಯಿಗೆ ಕೊಡುವ ಬಾಡಿಗೆ.

ಅವರ ನಿರ್ಧಾರ ಸರಳವಾಗಿತ್ತು. ಇನ್ನು ಮೇಲೆ ಒಳ್ಳೆಯ ಕೆಲಸ ಮಾತ್ರ. ಒಳ್ಳೆಯದು ಅಂದರೆ ಮಕ್ಕಳ ಪುಸ್ತಕ, ಪರಿಸರ, ಕನ್ನಡ. ಮೊದಲು ಸಿಕ್ಕಿದ್ದು 24 ಪುಟದ ಒಂದು ಮಕ್ಕಳ ಕಥೆ. ಸಂಭಾವನೆ 40,000. ಬರೆಯಲು ಹಿಡಿದದ್ದು ಎರಡೂವರೆ ತಿಂಗಳು. ಪುಸ್ತಕ ಬಹಳ ಚೆನ್ನಾಗಿ ಬಂತು, ನನ್ನ ಮೊಮ್ಮಗಳ ಹತ್ತಿರ ಒಂದು ಪ್ರತಿ ಇದೆ. ಆದರೆ ಲೆಕ್ಕ ಹಾಕಿದರೆ ತಿಂಗಳಿಗೆ 16,000. ಕೋಣೆಯ ಬಾಡಿಗೆ ಕಟ್ಟಿದರೆ ಮಿಕ್ಕುವುದು ನಾಲ್ಕು ಸಾವಿರ.

2023ರ ಜನವರಿಯಲ್ಲಿ ಚಿತ್ರಸಂತೆಗೆ ಕೂತರು. ಕುಮಾರಕೃಪಾ ರಸ್ತೆಯಲ್ಲಿ ಬೆಳಗಿನಿಂದ ಜನವೋ ಜನ. ಕಡ್ಲೆಕಾಯಿ ಪರಿಷೆಯ ದೃಶ್ಯ, ದೊಡ್ಡ ಬಸವಣ್ಣ, ಹಳೆಯ ಮನೆಗಳ ಕಿಟಕಿ, ಇವುಗಳ ಮುದ್ರಿತ ಪ್ರತಿ ಮಾರಿದರು. ಬಂದದ್ದು 18,000, ಮುದ್ರಣಕ್ಕೂ ಫ್ರೇಮಿಗೂ ಕೊಟ್ಟದ್ದು 11,000. ‘ಸಂಜೆ ಎಷ್ಟು ಖುಷಿ ಇತ್ತು ಅಂದ್ರೆ, ಲೆಕ್ಕ ಹಾಕ್ಲೇ ಇಲ್ಲ ಸರ್’ ಎಂದರು. ಹಾಕಿದ್ದು ನಾನು. ಖುಷಿ ಹಾಳು ಮಾಡಿದೆನೇನೋ.

ನಡುವೆ ಚಿಲ್ಲರೆ ಕೆಲಸಗಳಿಂದ 1,30,000 ಬಂತು, ಭವಿಷ್ಯನಿಧಿ ತೆಗೆದದ್ದು 98,000. ಫೆಬ್ರವರಿ ಕೊನೆಗೆ ಖಾತೆಯಲ್ಲಿ 61,000 ಉಳಿದಿತ್ತು. ಒಂದು ತಿಂಗಳ ಖರ್ಚು.

ನಾನು ಕೊಟ್ಟ ಕೆಟ್ಟ ಸಲಹೆ

ಮಾರ್ಚ್ ಮೊದಲ ವಾರ ಇನ್ನೊಂದು ಆಟದ ಕಂಪನಿಯಿಂದ ಫೋನ್ ಬಂತು. ಮೂರು ತಿಂಗಳ ಕೆಲಸಕ್ಕೆ 4,50,000. ಚೈತ್ರಾ ನನ್ನನ್ನು ಕೇಳಿದರು. ‘ಮೂರು ತಿಂಗಳು ತಾನೆ, ಮಾಡಿ, ಆಮೇಲೆ ಒಂದು ವರ್ಷ ನೆಮ್ಮದಿ’ ಎಂದೆ. ಲೆಕ್ಕದ ಪ್ರಕಾರ ಸಲಹೆ ಸರಿಯಾಗಿಯೇ ಇತ್ತು. ಅವರು ಒಪ್ಪಿಕೊಂಡರು. ಮುಂಗಡ 1,50,000ದಲ್ಲಿ ಶೇ. 10ರಷ್ಟು ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ, ಮುರಿದುಕೊಂಡು 1,35,000 ಬಂತು.

ಹತ್ತೊಂಬತ್ತನೆಯ ದಿನ ಅವರಿಗೆ ಹೊಸ ಕೆಲಸ ಹೇಳಿದರು. ಏಳು ದಿನದಿಂದ ಆಡದೇ ಇರುವವರನ್ನು ವಾಪಸ್ ಕರೆತರಲು ಮೂರು ಚಿತ್ರ ಬೇಕು, ಫೋನಿನ ಪರದೆ ಮೇಲೆ ಮೂಡುವಂಥದ್ದು. ಮುದ್ದಾದ ಪ್ರಾಣಿಯೊಂದು ಸಪ್ಪೆ ಮುಖ ಮಾಡಿಕೊಂಡು ಬಾಗಿಲಲ್ಲಿ ಕಾಯುತ್ತಿರಬೇಕು.

ಆ ತಮ್ಮ, ಚಿಕ್ಕಪ್ಪನ ಮಗ, ಆಟ ಬಿಟ್ಟು ಆಗ ಹತ್ತು ತಿಂಗಳಾಗಿತ್ತು. ಅವನ ಮೊದಲ ಏಳು ದಿನ ಹೇಗಿತ್ತು ಅನ್ನುವುದನ್ನು ಇವರು ಮನೆಯಲ್ಲೇ ನೋಡಿದ್ದರು.

ಮಾರನೆಯ ದಿನ ಮುಂಗಡ ವಾಪಸ್ ಕೊಡುತ್ತೇನೆ ಎಂದು ಬರೆದರು. ಅದರಲ್ಲಿ ಐವತ್ತು ಸಾವಿರ ಖರ್ಚಾಗಿತ್ತು. ತಾಯಿ ಚೀಟಿ ಕೂಗಿ ಆ ದುಡ್ಡು ತುಂಬಿಸಿದರು, ನಷ್ಟಕ್ಕೆ. ಹತ್ತೊಂಬತ್ತು ದಿನದ ಕೆಲಸಕ್ಕೆ ಒಂದು ಪೈಸೆ ಸಿಗಲಿಲ್ಲ, ಕೇಳುವ ಧೈರ್ಯ ಇವರಿಗೂ ಇರಲಿಲ್ಲ. ಟಿಡಿಎಸ್ ಸರಿಪಡಿಸಲು ಎರಡೂ ಕಡೆಯ ಲೆಕ್ಕದವರು ತಿಂಗಳುಗಟ್ಟಲೆ ಪತ್ರ ಬರೆದುಕೊಂಡೆವು.

ನನ್ನ ತಪ್ಪು ಎಲ್ಲಿತ್ತು ಅಂತ ಆಮೇಲೆ ತುಂಬಾ ಯೋಚಿಸಿದೆ. 61,000 ಇಟ್ಟುಕೊಂಡವರ ಮುಂದೆ ನಾಲ್ಕೂವರೆ ಲಕ್ಷ ಇಟ್ಟು ‘ನಿಮ್ಮ ಮನಸ್ಸು ಏನು ಹೇಳುತ್ತೆ’ ಎಂದು ಕೇಳಬಾರದು. ಅಲ್ಲಿ ಮಾತಾಡುವುದು ಬಾಡಿಗೆ, ಮನಸ್ಸಲ್ಲ. ಕೇಳಬೇಕಾದ ಕಾಲ ಎಂಟು ತಿಂಗಳ ಹಿಂದೆಯೇ ಕಳೆದಿತ್ತು, ಜುಲೈನಲ್ಲಿ, ಕೋಣೆಗೆ ಅಡ್ವಾನ್ಸ್ ಕೊಡುವ ಮೊದಲು.

ಮೂರು ಹಾಳೆ

ಏಪ್ರಿಲ್‌ನಲ್ಲಿ ಕೋಣೆ ಖಾಲಿ ಮಾಡಿದರು. ಪೇಂಟಿಂಗ್ ಖರ್ಚು ಅಂತ ಮಾಲೀಕರು ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು 1,08,000 ಕೊಟ್ಟರು. ಅದರಲ್ಲಿ ಮೊದಲು ತಾಯಿಯ ಸಾಲ ತೀರಿತು. ಮೇಜು ಮನೆಯ ಹಾಲ್‌ಗೆ ಬಂತು. ಎದುರು ಮನೆಯವರು ಕೇಳಬೇಕಾದ್ದನ್ನು ಕೇಳಿದರು. ತಾಯಿ, ‘ಮನೇಲೇ ಆಫೀಸು ಕಣ್ರೀ’ ಎಂದರು. ಮಾತು ಅಲ್ಲಿಗೇ ಮುಗಿಯಿತು. ಇಷ್ಟಕ್ಕೆ ಒಂದು ಲಕ್ಷ ದಾಟಿ ಖರ್ಚಾಗಿತ್ತು.

ಅದೇ ತಿಂಗಳು ನನ್ನ ಕಚೇರಿಯಲ್ಲಿ ಕೂತು ಮೂರು ಹಾಳೆ ಬರೆದರು. ಒಂದರ ಮೇಲೆ ‘ಮಾಡಲ್ಲ’, ಇನ್ನೊಂದರ ಮೇಲೆ ‘ದುಡ್ಡಿಗೆ ಮಾಡ್ತೀನಿ’, ಮೂರನೆಯದರ ಮೇಲೆ ‘ದುಡ್ಡು ಕಮ್ಮಿ ಆದ್ರೂ ಮಾಡ್ತೀನಿ’. ಮಾಡಲ್ಲ ಹಾಳೆಯಲ್ಲಿ ಹದಿನಾಲ್ಕು ಸಾಲು ಆಯಿತು. ಜೂಜು, ಗುಟ್ಕಾ, ಬಿಳಿ ಆಗುವ ಕ್ರೀಮು, ಸಾಲದ ಆ್ಯಪ್, ಕಂಪನಿಗಳ ಪಿಪಿಟಿ, ಮದುವೆ ಪತ್ರಿಕೆಯ ಕಾರ್ಟೂನು, ಬ್ಯಾಂಕಿನ ಐಕಾನ್, ಸೈಟ್ ಮಾರುವವರ ಬ್ರೋಷರ್, ಹೀಗೆ.

ನಾನು ಬೇರೆ ಏನೂ ಮಾಡಲಿಲ್ಲ. ಹಿಂದಿನ ಒಂಬತ್ತು ತಿಂಗಳಲ್ಲಿ ಅವರು ಬೇಡ ಅಂದ ಕೆಲಸಗಳನ್ನೆಲ್ಲ ವಾಟ್ಸಾಪ್ ಮತ್ತು ಮೇಲ್‌ನಿಂದ ಹುಡುಕಿ ತೆಗೆಸಿದೆ. ಒಂದೊಂದರ ಮುಂದೆ ಮೊತ್ತ ಬರೆಸಿದೆ. ವಾಪಸ್ ಕೊಟ್ಟ ಆಟದ ಕೆಲಸ ಬಿಟ್ಟು ಒಟ್ಟು 3,80,000 ಆಯಿತು. ಅದರಲ್ಲಿ ಜೂಜು, ಗುಟ್ಕಾ, ಕ್ರೀಮು, ಸಾಲದ ಆ್ಯಪ್, ಈ ನಾಲ್ಕೂ ಸೇರಿ ಬರೀ 70,000. ಉಳಿದ 3,10,000 ಅವರಿಗೆ ಇಷ್ಟವಿಲ್ಲದ ಕೆಲಸಗಳು, ಅಷ್ಟೇ. ಬೋರ್ ಹೊಡೆಸುವಂಥವು. ಯಾರಿಗೂ ಕೆಡುಕಾಗದಂಥವು.

ಚೈತ್ರಾ ಆ ಹಾಳೆಯನ್ನು ಬಹಳ ಹೊತ್ತು ನೋಡುತ್ತಾ ಕೂತರು. ಆಮೇಲೆ ಹತ್ತು ಸಾಲು ಹೊಡೆದುಹಾಕಿ ಎರಡನೆಯ ಹಾಳೆಗೆ ಸೇರಿಸಿದರು. ಸೈಟ್ ಬ್ರೋಷರ್ ಬಗ್ಗೆ ಮಾತ್ರ ನಮಗಿಬ್ಬರಿಗೂ ಜಗಳವಾಯಿತು. ಕೆರೆ ತಿಂದು ಮಾಡಿದ ಲೇಔಟ್ ಆದರೆ ಅದು ನಿಮ್ಮ ನಾಲ್ಕಕ್ಕಿಂತ ಏನು ಕಮ್ಮಿ ಎಂದು ಕೇಳಿದೆ. ಕೊನೆಗೆ ಒಂದು ನಿಯಮ ಮಾಡಿಕೊಂಡರು. ಯಾವ ಜಾಗ, ಯಾವ ಖಾತಾ, ಪಕ್ಕದಲ್ಲಿ ಏನಿದೆ ಅಂತ ಕೇಳುವುದು. ಕೇಳಿದ ಮೇಲೆ ಮೂವರಲ್ಲಿ ಇಬ್ಬರು ಮತ್ತೆ ಫೋನ್ ಮಾಡುತ್ತಿರಲಿಲ್ಲವಂತೆ!

ಇನ್ನೊಂದು ಕೆಲಸವನ್ನೂ ಆ ದಿನವೇ ಮಾಡಿದೆವು. ಬೇರೆ ಬ್ಯಾಂಕಿನಲ್ಲಿ ಒಂದು ಉಳಿತಾಯ ಖಾತೆ. ಬರುವ ಪ್ರತಿ ಬಿಲ್ಲಿನ ಶೇ. 15 ಅಲ್ಲಿಗೆ, ರಿಟರ್ನ್ಸ್ ಹಾಕಿದ ಮೇಲೆ ಬರುವ ಟಿಡಿಎಸ್ ರಿಫಂಡ್ ಪೂರ್ತಿ ಅಲ್ಲಿಗೆ. ಗುರಿ ಆರು ತಿಂಗಳ ಮನೆ ಖರ್ಚು, ಅಂದರೆ 2,76,000. ಅದಕ್ಕೆ ಅವರು ಇಟ್ಟ ಹೆಸರು ಬೇಡ ಖಾತೆ. ದುಡ್ಡು ಬೇಡ ಅಂತಲ್ಲ. ‘ಬೇಡ’ ಅನ್ನುವುದಕ್ಕೆ ಬೇಕಾದ ದುಡ್ಡು.

ಒತ್ತಿಗೆ ಜಾಗ

ಇಲ್ಲಿಂದ ಮುಂದಿನದರಲ್ಲಿ ಅದೃಷ್ಟವೂ ಇದೆ. ಅಂಗಡಿಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಎಂಬ ಒತ್ತಾಯ 2023ರ ಕೊನೆಗೆ ಜೋರಾಯಿತು, ಬಿಬಿಎಂಪಿ 2024ರ ಫೆಬ್ರವರಿ 28ರ ಗಡುವು ಕೊಟ್ಟಿತು. ಊರೆಲ್ಲ ಬೋರ್ಡ್ ಬದಲಾಯಿಸುವ ಗಡಿಬಿಡಿ. ಎಷ್ಟೋ ಬೋರ್ಡ್‌ಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ನಿಂತಿದ್ದವು. ವಿನ್ಯಾಸದ ಸಾಫ್ಟ್‌ವೇರಿನಲ್ಲಿ ಭಾರತೀಯ ಲಿಪಿಗೆ ಬೇಕಾದ ಆಯ್ಕೆ ಹಾಕದಿದ್ದರೆ ಕನ್ನಡ ಹಾಗೆ ಮುರಿಯುತ್ತದೆ. ಕನ್ನಡ ಓದಲು ಬಾರದವರು ಅದನ್ನು ಹಾಗೇ ಅಚ್ಚಿಗೆ ಕಳಿಸುತ್ತಾರೆ.

ಚೈತ್ರಾ ಅಷ್ಟರಲ್ಲಿ ಶ್ರೀರಾಮಪುರದ ಒಬ್ಬ ಹಳೆಯ ಬೋರ್ಡ್ ಪೇಂಟರ್ ಹತ್ತಿರ ಭಾನುವಾರಗಳಲ್ಲಿ ಅಕ್ಷರ ಬರೆಯಲು ಕಲಿಯುತ್ತಿದ್ದರು. ಮೂರನೆಯ ಹಾಳೆಯ ಕೆಲಸ ಅದು, ದುಡ್ಡಿನ ಯೋಚನೆಯೇ ಇರಲಿಲ್ಲ. ಆ ತಾತ ಮೊದಲ ದಿನ ಹೇಳಿದ್ದು ಇಷ್ಟೇ. ‘ಅಕ್ಷರ ಆಮೇಲೆ ಬರಿ ತಾಯಿ, ಮೊದ್ಲು ಒತ್ತಿಗೆ ಜಾಗ ಬಿಡು.’ ಇಂಗ್ಲಿಷ್ ಅಳತೆಯಲ್ಲಿ ಪಟ್ಟಿ ಕತ್ತರಿಸಿ ಅದರಲ್ಲಿ ಕನ್ನಡ ತುರುಕಿದರೆ ಕೆಳಗಿನ ಒತ್ತು ಕುಗ್ಗಿ, ಅಕ್ಷರದ ಹೊಟ್ಟೆ ಚಪ್ಪಟೆಯಾಗುತ್ತದೆ. ಎಷ್ಟೋ ಕಡೆ ಕನ್ನಡ ಬೋರ್ಡ್ ಅಂದವಾಗಿ ಕಾಣದಿರುವುದಕ್ಕೆ ಲಿಪಿ ಕಾರಣವಲ್ಲ, ಅಳತೆ ಕಾರಣ. ಇದನ್ನು ಅವರು ಗಿರಾಕಿಗಳಿಗೆ ಕಾಗದದ ಮೇಲೆ ಬರೆದು ತೋರಿಸುತ್ತಿದ್ದರು. ನಾಲ್ಕು ತಿಂಗಳಲ್ಲಿ 23 ಅಂಗಡಿ, ಎರಡು ಹೋಟೆಲ್, ಒಂದು ಕಾಫಿಪುಡಿ ಪೊಟ್ಟಣ ಬರೆದುಕೊಟ್ಟರು.

ಮಾರ್ಚ್ ಆದ ಮೇಲೆ ಆ ಗಡಿಬಿಡಿ ಸುಮ್ಮನಾಯಿತು. ಮುಂದೆ ಮನೆ ನಡೆಸಿದ್ದು ಎರಡನೆಯ ಹಾಳೆ. ಒಂದು ಬ್ಯಾಂಕಿನ ಐಕಾನ್‌ಗಳು, ಇವತ್ತಿಗೂ ಬೋರ್. ಒಂದು ಆಸ್ಪತ್ರೆಗೆ ಇನ್ಸುಲಿನ್ ಚುಚ್ಚಿಕೊಳ್ಳುವುದು ಹೇಗೆ ಅಂತ ತೋರಿಸುವ ಹನ್ನೆರಡು ಚಿತ್ರ. ಅದನ್ನು ಅವರು ಮೊದಲು ‘ಮಾಡಲ್ಲ’ ಹಾಳೆಗೆ ಹಾಕಿದ್ದರು, ನೀರಸ ಅಂತ. ಈಗ ಆ ಚಿತ್ರಗಳನ್ನು ತಮ್ಮ ಕೆಲಸ ತೋರಿಸುವ ಕಡತದಲ್ಲಿ ಮೊದಲು ಇಡುತ್ತಾರೆ. ಓದಲು ಬಾರದ ಒಬ್ಬ ಅಜ್ಜಿ ಅದನ್ನು ನೋಡಿಕೊಂಡು ಚುಚ್ಚಿಕೊಂಡರಂತೆ. ಗಿಳಿ ಬರೆದ ಕೈಚಳಕವೇ ಅದೂ. ಮುಖಭಾವ ಒಂದಿಷ್ಟು ಬದಲಿಸಿ ಭಯ ಕಮ್ಮಿ ಮಾಡುವುದು.

ಕಾಗದಪತ್ರ

ಇದು ನನ್ನ ವಿಷಯ, ಸ್ವಲ್ಪ ಸಹಿಸಿಕೊಳ್ಳಿ. ಕಾಫಿಪುಡಿಯವರು ಪೊಟ್ಟಣಕ್ಕೆ ಅಂತ ಬರೆಸಿದ ಅಕ್ಷರವನ್ನು ಚೀಲ, ಲೋಟ, ಟಿ-ಶರ್ಟ್ ಮೇಲೆಲ್ಲ ಹಾಕಿದರು. ಚೈತ್ರಾ ಹತ್ತಿರ ಇದ್ದದ್ದು ವಾಟ್ಸಾಪ್‌ನ ‘ಓಕೆ ಮೇಡಂ’ ಒಂದೇ.

1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಚಿತ್ರಗಾರರು ತಿಳಿದಿರಬೇಕಾದ ನಾಲ್ಕೈದು ಸಾಲುಗಳಿವೆ. ಸಂಬಳಕ್ಕಿದ್ದಾಗ ಕೆಲಸದ ಭಾಗವಾಗಿ ಬರೆದದ್ದು, ಬೇರೆ ಕರಾರು ಇಲ್ಲದಿದ್ದರೆ, ಕಂಪನಿಯದು. ಹಾಗಾಗಿ ಗಿಳಿ ಚೈತ್ರಾ ಅವರದಲ್ಲ. ಸ್ವತಂತ್ರವಾಗಿ ಬರೆದದ್ದು ಸಾಮಾನ್ಯವಾಗಿ ಬರೆದವರದ್ದೇ. ಆದರೆ ದುಡ್ಡು ಕೊಟ್ಟು ಬರೆಸಿದ ಪೇಂಟಿಂಗ್, ಭಾವಚಿತ್ರ, ಫೋಟೋ ಆದರೆ ಬೇರೆ ಕರಾರು ಇಲ್ಲದಿದ್ದಾಗ ಅದು ಬರೆಸಿದವರದ್ದು. ಹಕ್ಕು ಬರೆದುಕೊಡುವುದಕ್ಕೆ ಸಹಿ ಹಾಕಿದ ಬರಹ ಬೇಕು. ಎಷ್ಟು ವರ್ಷ ಅಂತ ಅದರಲ್ಲಿ ಇಲ್ಲದಿದ್ದರೆ ಐದು ವರ್ಷ, ಎಲ್ಲಿಗೆ ಅಂತ ಇಲ್ಲದಿದ್ದರೆ ಭಾರತಕ್ಕೆ ಮಾತ್ರ. ಇಷ್ಟನ್ನು ಇಟ್ಟುಕೊಂಡು ಕಾಫಿಪುಡಿಯವರ ಜೊತೆ ಕೂತೆವು. ಜಗಳವಿಲ್ಲದೆ ಇನ್ನೂ 35,000ಕ್ಕೆ ಮುಗಿಯಿತು. ಅಂದಿನಿಂದ ಪ್ರತಿ ಕೆಲಸಕ್ಕೂ ಒಂದು ಪುಟದ ಕನ್ನಡ ಕರಾರು ಇದೆ.

ಬಿಲ್ ಬಾಕಿಯದು ಇನ್ನೊಂದು ಗೋಳು. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿ ಮಾಡಿಸಿದೆ, ಅದಕ್ಕೆ ಶುಲ್ಕವಿಲ್ಲ. 2006ರ ಸಣ್ಣ ಉದ್ಯಮಗಳ ಕಾಯ್ದೆಯ ಪ್ರಕಾರ ಇಂಥವರಿಗೆ 45 ದಿನದೊಳಗೆ ದುಡ್ಡು ಕೊಡಬೇಕು, ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ. ಬಹಳ ವರ್ಷ ಇದಕ್ಕೆ ಯಾರೂ ಹೆದರುತ್ತಿರಲಿಲ್ಲ. 2023-24ರ ಲೆಕ್ಕದಿಂದ ಆದಾಯ ತೆರಿಗೆ ಕಾಯ್ದೆಯಲ್ಲಿ 43ಬಿ(ಎಚ್) ಅನ್ನುವ ಹೊಸ ಕಲಮು ಬಂತು. ಗಡುವು ಮೀರಿಸಿ, ಮಾರ್ಚ್ ಒಳಗೂ ಕೊಡದ ದುಡ್ಡನ್ನು ಆ ವರ್ಷದ ಖರ್ಚು ಅಂತ ತೋರಿಸುವ ಹಾಗಿಲ್ಲ. 2024ರ ಮಾರ್ಚ್ ಕೊನೆಯ ವಾರ ಚೈತ್ರಾಗೆ ಏಳು ತಿಂಗಳ ಹಳೆಯ ಬಾಕಿ ಮೂರು ಕಡೆಯಿಂದ ಬಂತು. ಬೇಡ ಖಾತೆ ಅವತ್ತು ಎರಡು ಲಕ್ಷ ದಾಟಿತು.

ಈಗ

2023-24ರಲ್ಲಿ ಒಟ್ಟು 7,40,000 ಬಂತು, 2024-25ರಲ್ಲಿ 9,60,000. ಹಳೆಯ ಸಂಬಳ ಇನ್ನೂ ಮುಟ್ಟಿಲ್ಲ. ಮುಟ್ಟುವುದಿಲ್ಲವೇನೋ. ಮಕ್ಕಳಿಗೆ ಅಂತ ಶುರು ಮಾಡಿದ ಅವರದೇ ಸ್ವಂತ ಪುಸ್ತಕ ಹನ್ನೊಂದು ಪುಟಕ್ಕೆ ನಿಂತು ಎರಡು ವರ್ಷವಾಯಿತು. ಅದರ ಬಗ್ಗೆ ಕೇಳಿದರೆ ಸಿಟ್ಟಾಗುತ್ತಾರೆ.

2024ರ ನವೆಂಬರ್‌ನಲ್ಲಿ ಒಂದು ಸಾಲದ ಆ್ಯಪ್‌ನವರು ಆರು ಲಕ್ಷದ ಕೆಲಸ ತಂದರು. ಚೈತ್ರಾ ನನಗೆ ಫೋನ್ ಮಾಡಲಿಲ್ಲ. ಬೇಡ ಅಂದಿದ್ದು ನನಗೆ ಗೊತ್ತಾದದ್ದು ಜನವರಿಯಲ್ಲಿ, ಬೇರೆ ಏನೋ ಮಾತಾಡುವಾಗ. ಬೇಡ ಖಾತೆಯಿಂದ ಒಂದು ರೂಪಾಯಿಯನ್ನೂ ತೆಗೆದಿರಲಿಲ್ಲ. ಅಲ್ಲಿ ದುಡ್ಡು ಇದೆ ಅಂತ ಗೊತ್ತಿದ್ದರೆ ಸಾಕಾಗುತ್ತದೆ, ಅದನ್ನು ಮುಟ್ಟಬೇಕಾಗಿಲ್ಲ ಅನ್ನುವುದನ್ನು ನಾನು ಕಂಡದ್ದು ಆಗಲೇ.

2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿತು. ಹಳೆಯ ಕಂಪನಿ ಆ ಆಟ ನಿಲ್ಲಿಸಿತು, ಜೊತೆಗಿದ್ದ ಹಲವರ ಕೆಲಸ ಹೋಯಿತು. ಚೈತ್ರಾಗೆ ಖುಷಿಯೇನೂ ಆಗಲಿಲ್ಲ. ಗಿಳಿಗೆ ಸದ್ದು ಮಾಡಿದ್ದ ಹುಡುಗನನ್ನು ನನ್ನ ಹತ್ತಿರ ಕಳಿಸಿದರು. ಅವನಿಗೂ ಮೂರು ಹಾಳೆ ಕೊಟ್ಟೆ. ಮೊದಲನೆಯದನ್ನು ಖಾಲಿ ಬಿಟ್ಟು ವಾಪಸ್ ಕೊಟ್ಟ. ‘ಸದ್ಯಕ್ಕೆ ಇದು ನಂಗೆ ಗಿಟ್ಟಲ್ಲ ಸರ್’ ಎಂದ. ಮನೆ ಸಾಲ ಇದೆ, ಇಬ್ಬರು ಮಕ್ಕಳು. ಅವನ ಮಾತನ್ನು ತಪ್ಪು ಅನ್ನಲು ನನಗೆ ಆಗಲಿಲ್ಲ. ಚೈತ್ರಾಗೆ ಮನೆ ಸಾಲ ಇರಲಿಲ್ಲ, ಚೀಟಿ ಕೂಗುವ ತಾಯಿ ಇದ್ದರು. ಈ ಪ್ರಕರಣ ಓದುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ತಮ್ಮ ಈಗ ಊರಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಬೋರ್ಡ್ ಅಕ್ಕನೇ ಬರೆದುಕೊಟ್ಟದ್ದು. ಆ ಚಿತ್ರ ಬರೆದವಳು ತಾನೇ ಎಂದು ಅವನಿಗೆ ಇನ್ನೂ ಹೇಳಿಲ್ಲ. ದೀಪಾವಳಿಗೆ ಹೋದಾಗ ಹೇಳುತ್ತೇನೆ ಎಂದಿದ್ದರು, ಹೋಗಿ ಬಂದರು, ಹೇಳಲಿಲ್ಲ. ಈ ಬರಹದ ಕರಡು ಕಳಿಸಿದಾಗ ಅವರು ಒಂದೇ ಒಂದು ತಿದ್ದುಪಡಿ ಕೇಳಿದರು. ಆಟದಲ್ಲಿ ಇದ್ದದ್ದು ಗಿಳಿಯಲ್ಲ, ಬೇರೆ ಪ್ರಾಣಿ. ‘ಗಿಳಿ ಅಂತ ಮಾಡಿ ಸರ್, ಅವನು ಫೋನಲ್ಲಿ ಎಲ್ಲಾ ಓದ್ತಾನೆ.’